ಹಾಡಿದ್ದೇ ಹಾಡು: ವಿಡಿಯೊ ಗೇಮ್ ಲೋಕದ ಮುಗಿಯದ ವಾದಗಳು

‘ಹಾಡಿದ್ದೇ ಹಾಡೋ ಕಿಸಬಾಯಿದಾಸ’ ಎಂಬ ಗಾದೆ ನಮ್ಮಲ್ಲಿದೆ. ವಿಡಿಯೊ ಗೇಮ್ ಆಡುವವರ, ಗಣಕಯಂತ್ರವನ್ನೇ ಉಸಿರಾಡುವ ‘ಗೀಕ್’ ಮಂದಿಯ ನಡುವೆ ಅರ್ಧ ಗಂಟೆ ಕುಳಿತು ಎದ್ದವರಿಗೆ ಈ ಗಾದೆ ನೆನಪಾಗದೆ ಇರದು. ಗೇಮ್‌ಗಳು ಮಕ್ಕಳನ್ನು ಹಿಂಸೆಗೆ ದೂಡುತ್ತವೆಯೇ? ಗೇಮ್ ಎಂಬುದು ಕಲೆಯೇ? ಯಾವ ಕಂಪನಿಯ ಯಂತ್ರ ಮೇಲು? ಹಿಂದಿನ ಆಟಗಳಲ್ಲಿದ್ದ ಸವಾಲು ಇಂದಿನ ಆಟಗಳಲ್ಲಿ ಏಕಿಲ್ಲ? ಮೂರು ನಾಲ್ಕು ದಶಕಗಳಿಂದ ಇವೇ ಪ್ರಶ್ನೆಗಳು, ಇವೇ ಉತ್ತರಗಳು. ಪಂಡಿತರು ಇದನ್ನು ಚರ್ವಿತಚರ್ವಣ ಎಂದು ಕರೆದರು. ಒಮ್ಮೆ ಅಗಿದದ್ದನ್ನೇ ಮತ್ತೆ ಅಗಿಯುವುದು ಎಂದರ್ಥ.

ಇಂಥ ಜಗಳ ಆಟಗಾರರಿಗಷ್ಟೇ ಸೀಮಿತವಲ್ಲ. ತಂತ್ರಾಂಶ ಬರೆಯುವವರ ವಲಯದಲ್ಲಿ ‘ವಿಐ’ ಮತ್ತು ‘ಈಮ್ಯಾಕ್ಸ್’ ಎಂಬ ಎರಡು ಪಠ್ಯ ಸಂಪಾದಕಗಳ ಪೈಕಿ ಯಾವುದು ಶ್ರೇಷ್ಠ ಎಂಬ ಕಲಹ ಪ್ರಸಿದ್ಧವಾದುದು. ಬಿಲ್ ಜಾಯ್ ರೂಪಿಸಿದ ವಿಐ ಮತ್ತು ರಿಚರ್ಡ್ ಸ್ಟಾಲ್ಮನ್ ಹೆಸರಿನೊಡನೆ ಬೆಸೆದುಕೊಂಡ ಈಮ್ಯಾಕ್ಸ್ ಎರಡೂ 1976ರಲ್ಲಿ ಹುಟ್ಟಿದವು. ಅಲ್ಲಿಂದ ಇಲ್ಲಿಯವರೆಗೆ ಯಾರೂ ಗೆದ್ದಿಲ್ಲ. ಕಾರಣ ಸರಳ. ಎರಡನ್ನೂ ಕಲಿಯಲು ತಿಂಗಳುಗಟ್ಟಲೆ ಶ್ರಮ ಬೇಕು. ಒಂದರಲ್ಲಿ ಕೈ ಪಳಗಿದವನಿಗೆ ಇನ್ನೊಂದು ಮೇಲು ಎಂದು ಒಪ್ಪುವುದೆಂದರೆ ತಾನು ಪಟ್ಟ ಶ್ರಮ ವ್ಯರ್ಥವಾಯಿತೆಂದು ಒಪ್ಪಿದಂತೆ. ಆದುದರಿಂದ ಅಲ್ಲಿ ವಾದ ನಡೆಯುವುದು ತಂತ್ರಾಂಶದ ಬಗ್ಗೆ ಅಲ್ಲ, ವಾದಿಸುವವನ ಬಗ್ಗೆ.

ಹರಟೆಯ ಮಟ್ಟದಲ್ಲಿ ಉಳಿದರೆ ಇವುಗಳಿಂದ ಯಾರಿಗೂ ನಷ್ಟವಿಲ್ಲ. ಆದರೆ ಗೇಮ್‌ಗಳ ವಿಚಾರದಲ್ಲಿ ಸವೆದ ವಾದಗಳು ಶಾಸನಸಭೆಗಳಿಗೆ, ನ್ಯಾಯಾಲಯಗಳಿಗೆ, ಮನೆಯ ಪಡಸಾಲೆಗೆ ಹೊಕ್ಕಿವೆ. ಸಮಾಜದ ಗಮನವೆಲ್ಲ ಅವುಗಳ ಮೇಲಿರುವಾಗ ಹಣ, ಖಾಸಗಿ ಮಾಹಿತಿ, ಒಡೆತನ, ಆರೋಗ್ಯಕ್ಕೆ ಸಂಬಂಧಿಸಿದ ನಿಜವಾದ ಪ್ರಶ್ನೆಗಳು ಬಾಗಿಲ ಹೊರಗೇ ನಿಂತಿವೆ. ಯಾವ ವಾದ ಎಲ್ಲಿ ಹುಟ್ಟಿತು, ಕಾಲ ಅದಕ್ಕೆ ಏನು ಉತ್ತರ ಕೊಟ್ಟಿತು, ಅದರ ಅಡಿಯಲ್ಲಿ ಮರೆಯಾದ ಪ್ರಶ್ನೆ ಯಾವುದು ಎಂಬುದನ್ನು ಒಂದೊಂದಾಗಿ ನೋಡೋಣ.

ಹಿಂಸೆಯ ವಾದ: ಅರ್ಧ ಶತಮಾನದ ಹಳತು

ಇವುಗಳಲ್ಲಿ ಅತ್ಯಂತ ಹಳೆಯದೂ ಅತ್ಯಂತ ಗಟ್ಟಿ ದನಿಯದೂ ಹಿಂಸೆಯ ವಾದ. 1976ರಲ್ಲಿ ಅಮೆರಿಕದ ಎಕ್ಸಿಡಿ ಕಂಪನಿ ‘ಡೆತ್ ರೇಸ್’ ಎಂಬ ಆಟವನ್ನು ಮಾರುಕಟ್ಟೆಗೆ ತಂದಿತು. ನಾಣ್ಯ ಹಾಕಿ ಆಡುವ ಯಂತ್ರ, ಕಪ್ಪು ಬಿಳುಪಿನ ಪರದೆ, ಕಡ್ಡಿಯಂಥ ಆಕೃತಿಗಳ ಮೇಲೆ ಕಾರು ಹರಿಸಿದರೆ ಅಂಕ. ಅವು ಮನುಷ್ಯರಲ್ಲ, ಪಿಶಾಚಿಗಳು ಎಂದು ತಯಾರಕರು ಸಮಜಾಯಿಷಿ ನೀಡಿದರೂ ಪತ್ರಿಕೆಗಳೂ ಟೀವಿ ವಾಹಿನಿಗಳೂ ಹರಿಹಾಯ್ದವು. ಆ ಗದ್ದಲವೇ ಪ್ರಚಾರವಾಗಿ ಯಂತ್ರದ ಬೇಡಿಕೆ ಹೆಚ್ಚಿದ್ದು ಬೇರೆ ಮಾತು.

1992ರಲ್ಲಿ ‘ಮಾರ್ಟಲ್ ಕಾಂಬ್ಯಾಟ್’ ಬಂದಾಗ ಅದೇ ವಾದ ಮರುಹುಟ್ಟು ಪಡೆಯಿತು. 1993ರ ಡಿಸೆಂಬರ್‌ನಲ್ಲಿ ಅಮೆರಿಕದ ಸೆನೆಟ್ ಸದಸ್ಯರಾದ ಜೋಸೆಫ್ ಲೀಬರ್ಮನ್ ಮತ್ತು ಹರ್ಬ್ ಕೋಲ್ ಈ ಕುರಿತು ವಿಚಾರಣೆ ನಡೆಸಿದರು. ಅದರ ಫಲವಾಗಿ ಉದ್ಯಮವು 1994ರಲ್ಲಿ ‘ಇಎಸ್‌ಆರ್‌ಬಿ’ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಯಾವ ವಯಸ್ಸಿನವರಿಗೆ ಯಾವ ಆಟ ತಕ್ಕುದು ಎಂಬ ಗುರುತನ್ನು ಡಬ್ಬಿಯ ಮೇಲೆ ಮುದ್ರಿಸತೊಡಗಿತು. ಇದಕ್ಕೂ ಮುನ್ನ 1954ರಲ್ಲಿ ಅದೇ ಸೆನೆಟ್‌ನ ಉಪಸಮಿತಿಯೊಂದು ಮಕ್ಕಳ ಚಿತ್ರಕಥೆ ಪುಸ್ತಕಗಳ ಬಗ್ಗೆ ಇಂಥದೇ ವಿಚಾರಣೆ ನಡೆಸಿತ್ತು. ಕಾಮಿಕ್ಸ್ ಓದಿ ಮಕ್ಕಳು ಕೆಡುತ್ತಾರೆಂದು ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಅಲ್ಲಿ ಸಾಕ್ಷ್ಯ ನುಡಿದಿದ್ದರು. ಆ ವರ್ಷವೇ ಪ್ರಕಾಶಕರು ತಮ್ಮ ಮೇಲೆ ತಾವೇ ನೀತಿಸಂಹಿತೆ ಹೇರಿಕೊಂಡರು. ಹೊಸ ಮನರಂಜನೆ ಬಂದಾಗಲೆಲ್ಲ ಹಿರಿಯರ ಆತಂಕ ಇದೇ ದಾರಿಯಲ್ಲಿ ಸಾಗಿದೆ.

ಇದಕ್ಕೆ ನ್ಯಾಯಾಲಯದ ಉತ್ತರ ದೊರೆತದ್ದು 2011ರಲ್ಲಿ. ಹಿಂಸಾತ್ಮಕ ಗೇಮ್‌ಗಳನ್ನು ಮಕ್ಕಳಿಗೆ ಮಾರಬಾರದೆಂದು ಕ್ಯಾಲಿಫೋರ್ನಿಯಾ ರಾಜ್ಯ 2005ರಲ್ಲಿ ಕಾನೂನು ಮಾಡಿತ್ತು. ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಏಳು–ಎರಡು ಬಹುಮತದಿಂದ ರದ್ದುಪಡಿಸಿತು. ಪುಸ್ತಕ, ನಾಟಕ, ಚಲನಚಿತ್ರಗಳಿಗಿರುವ ಅಭಿವ್ಯಕ್ತಿ ಸ್ವಾತಂತ್ರ್ಯದ ರಕ್ಷಣೆ ಗೇಮ್‌ಗಳಿಗೂ ಇದೆ ಎಂದಿತು. ರಾಜ್ಯವು ಮುಂದಿಟ್ಟ ಅಧ್ಯಯನಗಳು ಗೇಮ್‌ನಿಂದಲೇ ಹಿಂಸೆ ಹುಟ್ಟುತ್ತದೆ ಎಂಬುದನ್ನು ಸಾಬೀತುಪಡಿಸುವುದಿಲ್ಲ ಎಂದೂ ಹೇಳಿತು.

ಹಾಗಾದರೆ ವಿಜ್ಞಾನ ಏನೆನ್ನುತ್ತದೆ? ಎರಡೂ ಪಕ್ಷದವರು ಅಧ್ಯಯನಗಳನ್ನು ಉಲ್ಲೇಖಿಸುತ್ತಾರೆ. ಗೊಂದಲದ ಮೂಲ ಇರುವುದು ಒಂದು ಪದದಲ್ಲಿ. ‘ಆಕ್ರಮಣಶೀಲತೆ’ ಬೇರೆ, ‘ಹಿಂಸಾಚಾರ’ ಬೇರೆ. ಆಡಿದ ಬಳಿಕ ಸಿಡುಕುವುದು, ಒರಟಾಗಿ ಮಾತನಾಡುವುದು ಮೊದಲನೆಯದು. ಹೊಡೆದು ಗಾಯಗೊಳಿಸುವುದು, ಕೊಲ್ಲುವುದು ಎರಡನೆಯದು. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘವು 2015ರಲ್ಲಿ ಮೊದಲನೆಯದಕ್ಕೂ ಹಿಂಸಾತ್ಮಕ ಗೇಮ್‌ಗಳಿಗೂ ನಂಟಿದೆ ಎಂದಿತು. ಅದೇ ಸಂಘ 2020ರಲ್ಲಿ, ಗುಂಡಿನ ದಾಳಿಯಂಥ ಹಿಂಸಾಚಾರಕ್ಕೆ ಗೇಮ್‌ಗಳನ್ನು ಹೊಣೆ ಮಾಡಲು ಸಾಕಷ್ಟು ಆಧಾರವಿಲ್ಲ ಎಂದು ಸ್ಪಷ್ಟಪಡಿಸಿತು. ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 14–15 ವರ್ಷದ ಸುಮಾರು 1,000 ಬ್ರಿಟಿಷ್ ಮಕ್ಕಳನ್ನು ಅಧ್ಯಯನ ಮಾಡಿ 2019ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹಿಂಸಾತ್ಮಕ ಆಟಕ್ಕೂ ಮಕ್ಕಳ ಆಕ್ರಮಣಶೀಲ ನಡತೆಗೂ ಸಂಬಂಧ ಕಾಣಲಿಲ್ಲ. ಮಕ್ಕಳ ನಡತೆಯ ಬಗ್ಗೆ ಅವರು ಕೇಳಿದ್ದು ಪೋಷಕರನ್ನೇ ಎಂಬುದು ಗಮನಾರ್ಹ.

ಈ ವಾದ ಭಾರತಕ್ಕೆ ಬಂದದ್ದು ‘ಪಬ್‌ಜಿ’ಯ ರೂಪದಲ್ಲಿ. 2019ರ ಮಾರ್ಚ್‌ನಲ್ಲಿ ಗುಜರಾತಿನ ರಾಜ್‌ಕೋಟ್‌ನಲ್ಲಿ ಪೊಲೀಸರು ಈ ಆಟವನ್ನು ನಿಷೇಧಿಸಿ, ಆಡುತ್ತಿದ್ದ ಯುವಕರನ್ನು ಬಂಧಿಸಿದ್ದೂ ಉಂಟು. ಹಿಂಸೆ, ಗೀಳು ಎಂಬ ಮಾತುಗಳೇ ಎಲ್ಲೆಡೆ ಕೇಳಿದವು. ಆದರೆ 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳೊಡನೆ ಪಬ್‌ಜಿ ಮೊಬೈಲ್ ಅನ್ನು ನಿರ್ಬಂಧಿಸಿದಾಗ ಕೊಟ್ಟ ಕಾರಣ ಹಿಂಸೆಯಲ್ಲ. ದೇಶದ ಭದ್ರತೆ ಮತ್ತು ಬಳಕೆದಾರರ ಮಾಹಿತಿಯ ಸುರಕ್ಷತೆ. ಕೆಲ ತಿಂಗಳಲ್ಲೇ, 2021ರ ಜುಲೈನಲ್ಲಿ, ದಕ್ಷಿಣ ಕೊರಿಯಾದ ಕ್ರಾಫ್ಟನ್ ಕಂಪನಿ ಅದೇ ಆಟವನ್ನು ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಎಂಬ ಹೆಸರಿನಲ್ಲಿ ಮತ್ತೆ ತಂದಿತು. ಮಕ್ಕಳ ಫೋನಿನಿಂದ ಯಾವ ಮಾಹಿತಿ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ಅಷ್ಟರವರೆಗೆ ಎಷ್ಟು ಮನೆಗಳಲ್ಲಿ ಕೇಳಿದ್ದರು?

ಹಣದ ಪ್ರಶ್ನೆಯೂ ಹೀಗೆಯೇ ಮರೆಯಾಗಿತ್ತು. ಹಿಂಸೆಯ ಗುರುತು 1994ರಲ್ಲೇ ಡಬ್ಬಿಗೆ ಬಿತ್ತು. ಆದರೆ ಆಟದೊಳಗೆ ನಡೆಯುವ ಖರೀದಿಯ ಗುರುತನ್ನು ಇಎಸ್‌ಆರ್‌ಬಿ ಮುದ್ರಿಸತೊಡಗಿದ್ದು 2018ರಲ್ಲಿ. ಒಳಗೇನಿದೆ ಎಂದು ತಿಳಿಯದೆ ಹಣ ಕೊಟ್ಟು ತೆರೆಯುವ ‘ಲೂಟ್ ಬಾಕ್ಸ್’ಗಳ ವಿರುದ್ಧ 2017ರಲ್ಲಿ ಆಟಗಾರರೇ ದಂಗೆ ಎದ್ದ ನಂತರ ಬಂದ ಬದಲಾವಣೆ ಅದು. ಬೆಲ್ಜಿಯಂ 2018ರಲ್ಲಿ ಇಂಥ ಪೆಟ್ಟಿಗೆಗಳು ಜೂಜಿಗೆ ಸಮ ಎಂದು ಸಾರಿತು. ‘ಫೋರ್ಟ್‌ನೈಟ್’ ತಯಾರಿಸಿದ ಎಪಿಕ್ ಗೇಮ್ಸ್ ಕಂಪನಿ 2022ರ ಡಿಸೆಂಬರ್‌ನಲ್ಲಿ ಅಮೆರಿಕದ ವಾಣಿಜ್ಯ ಆಯೋಗದೊಡನೆ 52 ಕೋಟಿ ಡಾಲರ್ ಪಾವತಿಗೆ ರಾಜಿಯಾಯಿತು. ಮಕ್ಕಳ ಖಾಸಗಿ ಮಾಹಿತಿ ಸಂಗ್ರಹ ಮತ್ತು ಬಳಕೆದಾರರು ಅರಿಯದೆ ಖರೀದಿ ಮಾಡುವಂತೆ ಗುಂಡಿಗಳನ್ನು ಜೋಡಿಸಿದ್ದು ಅಲ್ಲಿದ್ದ ಆರೋಪಗಳು. ಬಂದೂಕಿನ ಸದ್ದಿನಲ್ಲಿ ಕಾಸಿನ ಸದ್ದು ನಮಗೆ ಕೇಳಿಸಿರಲಿಲ್ಲ.

ಕಲೆಯೋ, ಕಾಲಹರಣವೋ?

ಎರಡನೆಯ ವಾದ ಹೆಚ್ಚು ಗಂಭೀರವಾಗಿ ಕಾಣುತ್ತದೆ. ವಿಮರ್ಶೆಗಾಗಿ ಪುಲಿಟ್ಜರ್ ಪ್ರಶಸ್ತಿ ಪಡೆದ ಮೊದಲ ಚಲನಚಿತ್ರ ವಿಮರ್ಶಕ ರೋಜರ್ ಎಬರ್ಟ್, ಗೇಮ್‌ಗಳು ಸಿನಿಮಾ, ಸಾಹಿತ್ಯಗಳ ಎತ್ತರಕ್ಕೆ ಏರಲಾರವು ಎಂದು 2005ರಲ್ಲಿ ಬರೆದರು. 2010ರ ಏಪ್ರಿಲ್‌ನಲ್ಲಿ ಇನ್ನೂ ಮುಂದೆ ಹೋಗಿ, ಗೇಮ್‌ಗಳು ಎಂದೂ ಕಲೆಯಾಗಲಾರವು ಎಂದರು. ಅದಕ್ಕೆ ಬಂದ ಪ್ರತಿಭಟನೆಯ ಮಹಾಪೂರವನ್ನು ಕಂಡು, ಆ ವರ್ಷದ ಜುಲೈನಲ್ಲಿ ಮತ್ತೊಂದು ಲೇಖನ ಬರೆದು, ಆಡಿ ನೋಡದೆ ತಾನು ಆ ಮಾತು ಆಡಬಾರದಿತ್ತು ಎಂದು ಒಪ್ಪಿಕೊಂಡರು. ಅಭಿಪ್ರಾಯ ಬದಲಿಸಲಿಲ್ಲ, ಆದರೆ ಅನುಭವವಿಲ್ಲದೆ ತೀರ್ಪು ಕೊಟ್ಟದ್ದು ತಪ್ಪೆಂದು ಹೇಳುವ ಪ್ರಾಮಾಣಿಕತೆ ಅವರಲ್ಲಿತ್ತು. ಎಬರ್ಟ್ 2013ರಲ್ಲಿ ತೀರಿಕೊಂಡರು.

ಇಲ್ಲೊಂದು ಚಾರಿತ್ರಿಕ ಸ್ವಾರಸ್ಯವಿದೆ. ಎಬರ್ಟ್ ಯಾವ ಮಾಧ್ಯಮದ ಪರ ನಿಂತರೋ ಆ ಸಿನಿಮಾವೇ ಒಂದು ಕಾಲಕ್ಕೆ ಇದೇ ಕಟಕಟೆಯಲ್ಲಿ ನಿಂತಿತ್ತು. ಚಲನಚಿತ್ರ ಪ್ರದರ್ಶನ ಬರೀ ವ್ಯಾಪಾರ, ಅದಕ್ಕೆ ಅಭಿವ್ಯಕ್ತಿ ಸ್ವಾತಂತ್ರ್ಯದ ರಕ್ಷಣೆ ಅನ್ವಯಿಸದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1915ರಲ್ಲಿ ತೀರ್ಪಿತ್ತಿತ್ತು. ಆ ನಿಲುವು ಬದಲಾಗಲು 1952ರವರೆಗೆ ಕಾಯಬೇಕಾಯಿತು. ಗೇಮ್‌ಗಳ ವಿಚಾರದಲ್ಲಿ ಕಾಲ ಇನ್ನೂ ಬೇಗ ಓಡಿತು. 2012ರಲ್ಲಿ ಸ್ಮಿತ್ಸೋನಿಯನ್ ಅಮೆರಿಕನ್ ಕಲಾ ಸಂಗ್ರಹಾಲಯ ಗೇಮ್‌ಗಳ ಕಲೆಯ ಕುರಿತೇ ಪ್ರದರ್ಶನ ಏರ್ಪಡಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ‘ಪ್ಯಾಕ್‌ಮ್ಯಾನ್’, ‘ಟೆಟ್ರಿಸ್’ ಸೇರಿದಂತೆ 14 ಗೇಮ್‌ಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ವಾದ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಕಲೆ ಹೌದೋ ಅಲ್ಲವೋ ಎಂಬ ಕಚ್ಚಾಟದಲ್ಲಿ ಮರೆತದ್ದು ಇದು: ಕಲೆಯೇ ಆಗಿದ್ದರೆ ಅದನ್ನು ಕಾಪಾಡುವವರು ಯಾರು? ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರ ಜುಲೈನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕೆ ಮುನ್ನ ಆ ದೇಶದಲ್ಲಿ ಬಿಡುಗಡೆಯಾದ ಗೇಮ್‌ಗಳ ಪೈಕಿ ಶೇ 87ರಷ್ಟು ಇಂದು ಅಂಗಡಿಯಲ್ಲಿ ಕೊಳ್ಳಲು ಸಿಗುವುದಿಲ್ಲ. ಹೊಸ ಆಟಗಳ ಪಾಡೂ ಉತ್ತಮವಾಗಿಲ್ಲ. ಯುಬಿಸಾಫ್ಟ್ ಕಂಪನಿಯ ‘ದಿ ಕ್ರೂ’ ಎಂಬ ಕಾರು ಓಟದ ಆಟ 2014ರಲ್ಲಿ ಮಾರಾಟಕ್ಕೆ ಬಂತು. ಅದರ ಸರ್ವರ್‌ಗಳನ್ನು 2024ರ ಮಾರ್ಚ್ 31ರಂದು ಮುಚ್ಚಿದಾಗ, ಹಣ ಕೊಟ್ಟು ಕೊಂಡವರ ಕೈಯಲ್ಲಿದ್ದ ತಟ್ಟೆ ನಿಷ್ಪ್ರಯೋಜಕವಾಯಿತು. ಇದರಿಂದ ಕೆರಳಿದ ಆಟಗಾರರು ಯುರೋಪ್ ಒಕ್ಕೂಟದ ಮುಂದಿಟ್ಟ ಮನವಿಗೆ 2025ರ ಜುಲೈ ವೇಳೆಗೆ ಹತ್ತು ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು. ಅಂತರ್ಜಾಲದಲ್ಲಿ ‘ಕೊಳ್ಳಿ’ ಎಂದು ಬರೆದು, ಕೊಡುವುದು ಬರೀ ಬಳಕೆಯ ಪರವಾನಗಿಯಾದರೆ ಅದನ್ನು ಸ್ಪಷ್ಟವಾಗಿ ತಿಳಿಸಬೇಕೆಂಬ ಕಾನೂನನ್ನು ಕ್ಯಾಲಿಫೋರ್ನಿಯಾ 2024ರಲ್ಲಿ ಅಂಗೀಕರಿಸಿತು. ಕೊಂಡ ವಸ್ತು ನಮ್ಮದೇ ಎಂಬ ಸಾಮಾನ್ಯ ಗ್ರಾಹಕನ ನಂಬಿಕೆಯೇ ಇಲ್ಲಿ ಪಣಕ್ಕಿದೆ.

ಯಂತ್ರಗಳ ಯುದ್ಧ

‘ಕನ್ಸೋಲ್ ಸಮರ’ ಎಂದು ಹೆಸರಾದ ಮೂರನೆಯ ವಾದವನ್ನು ಹುಟ್ಟುಹಾಕಿದ್ದು ಜಾಹೀರಾತುಗಳು. 1990ರ ದಶಕದ ಮೊದಲ ವರ್ಷಗಳಲ್ಲಿ ಜಪಾನಿನ ಸೆಗಾ ಕಂಪನಿ ಅಮೆರಿಕದಲ್ಲಿ ತನ್ನ ‘ಜೆನೆಸಿಸ್’ ಯಂತ್ರ ಮಾರಲು, ಪ್ರತಿಸ್ಪರ್ಧಿ ನಿಂಟೆಂಡೊ ಹೆಸರನ್ನೇ ಹಿಡಿದು ಲೇವಡಿ ಮಾಡಿತು. ಸೆಗಾ ಹುಡುಗರು, ನಿಂಟೆಂಡೊ ಹುಡುಗರು ಎಂದು ಶಾಲಾ ಮೈದಾನಗಳು ಎರಡಾದವು. ಒಂದು ಯಂತ್ರಕ್ಕಿಂತ ಹೆಚ್ಚಿಗೆ ಕೊಡಿಸಲು ಬಹುತೇಕ ಅಪ್ಪ ಅಮ್ಮಂದಿರಿಗೆ ಸಾಧ್ಯವಿರಲಿಲ್ಲ. ಹಾಗಾಗಿ ಮನೆಯಲ್ಲಿರುವ ಯಂತ್ರವೇ ಲೋಕದಲ್ಲಿ ಶ್ರೇಷ್ಠ ಎಂದು ಸಾಧಿಸುವುದು ಹುಡುಗರಿಗೆ ಅನಿವಾರ್ಯವಾಯಿತು.

ಸಮರದ ಅಂತ್ಯ ಹೇಗಾಯಿತು? ‘ಡ್ರೀಮ್‌ಕಾಸ್ಟ್’ ಸೋತ ಮೇಲೆ, 2001ರಲ್ಲಿ ಸೆಗಾ ಯಂತ್ರ ತಯಾರಿಕೆಯನ್ನೇ ಕೈಬಿಟ್ಟಿತು. ಆ ವರ್ಷದ ಅಂತ್ಯದೊಳಗೆ ಸೆಗಾದ ಲಾಂಛನವಾಗಿದ್ದ ನೀಲಿ ಮುಳ್ಳುಹಂದಿ ‘ಸಾನಿಕ್’ ನಿಂಟೆಂಡೊ ಯಂತ್ರದಲ್ಲೇ ಓಡತೊಡಗಿತು. 2007ರಲ್ಲಿ ಸಾನಿಕ್ ಮತ್ತು ನಿಂಟೆಂಡೊದ ಮಾರಿಯೊ ಜೊತೆಯಾಗಿ ಒಂದು ಒಲಿಂಪಿಕ್ ಆಟದಲ್ಲಿ ಕಾಣಿಸಿಕೊಂಡರು. ಮೈಕ್ರೋಸಾಫ್ಟ್ ಮತ್ತು ಸೋನಿ ಕಂಪನಿಗಳ ಕಥೆಯೂ ಅದೇ ಹಾದಿ ಹಿಡಿದಿದೆ. 2001ರಿಂದ ಎಕ್ಸ್‌ಬಾಕ್ಸ್‌ನ ಧ್ವಜದಂತಿದ್ದ ‘ಹೇಲೊ’ ಸರಣಿಯ ಆಟವೊಂದು ಸೋನಿಯ ಪ್ಲೇಸ್ಟೇಷನ್‌ಗೂ ಬರಲಿದೆ ಎಂದು 2025ರ ಅಕ್ಟೋಬರ್‌ನಲ್ಲಿ ಘೋಷಿಸಲಾಯಿತು. ಅಭಿಮಾನಿಗಳು ಸ್ನೇಹಿತರನ್ನು ಕಳೆದುಕೊಂಡರು. ಕಂಪನಿಗಳು ಲಾಭವಿದ್ದ ಕಡೆ ಕೈಕುಲುಕಿದವು.

ಯಂತ್ರ ಯಾವುದು ಮೇಲು ಎಂಬುದರ ಬದಲು, ಒಂದು ಯಂತ್ರ ಕೊಂಡವನು ಇನ್ನೊಂದು ಯಂತ್ರದ ಗೆಳೆಯನೊಡನೆ ಏಕೆ ಆಡಬಾರದು ಎಂದು ಕೇಳಿದ್ದರೆ ಆಟಗಾರರಿಗೆ ಬೇಗ ಉಪಕಾರವಾಗುತ್ತಿತ್ತು. ಅದನ್ನು ತಡೆದಿದ್ದು ತಂತ್ರಜ್ಞಾನವಲ್ಲ, ಕಂಪನಿಯ ನೀತಿ. ಫೋರ್ಟ್‌ನೈಟ್ ಆಟಗಾರರ ಒತ್ತಡಕ್ಕೆ ಮಣಿದು ಸೋನಿ 2018ರ ಸೆಪ್ಟೆಂಬರ್‌ನಲ್ಲಿ ಆ ಬಾಗಿಲು ತೆರೆಯಿತು. ಬಳಗಗಳು ಪರಸ್ಪರ ಬೈದಾಡಿದ ವರ್ಷಗಳಲ್ಲಿ ಆಗದ ಕೆಲಸ, ಒಂದೇ ಬೇಡಿಕೆಯನ್ನು ಒಟ್ಟಾಗಿ ಮುಂದಿಟ್ಟಾಗ ಆಯಿತು.

ಹಳತೆಲ್ಲ ಹೊನ್ನೇ?

‘ನಮ್ಮ ಕಾಲದ ಆಟಗಳೇ ಆಟಗಳು’ ಎಂಬ ಮಾತು ಗಿಲ್ಲಿದಾಂಡಿನಿಂದ ಹಿಡಿದು ಗಣಕಯಂತ್ರದವರೆಗೆ ಎಲ್ಲೆಡೆ ಕೇಳುತ್ತದೆ. ನೆನಪು ಒಂದು ಜರಡಿ; ಒಳ್ಳೆಯದನ್ನು ಉಳಿಸಿಕೊಂಡು ಜೊಳ್ಳನ್ನು ಕೆಳಗೆ ಬಿಡುತ್ತದೆ. 1980ರ ದಶಕದ ‘ಪ್ಯಾಕ್‌ಮ್ಯಾನ್’ ಎಲ್ಲರಿಗೂ ನೆನಪಿದೆ. ಆದರೆ 1983ರಲ್ಲಿ ಅಮೆರಿಕದ ಗೇಮ್ ಮಾರುಕಟ್ಟೆ ಕುಸಿದು ಬಿದ್ದ ಕಾರಣಗಳಲ್ಲಿ ಕಳಪೆ ಆಟಗಳ ರಾಶಿಯೂ ಒಂದು. ಅಟಾರಿ ಕಂಪನಿ ಮಾರಾಟವಾಗದ ‘ಇ.ಟಿ.’ ಮೊದಲಾದ ಆಟಗಳ ಕ್ಯಾಟ್ರಿಜ್‌ಗಳನ್ನು ನ್ಯೂಮೆಕ್ಸಿಕೊ ರಾಜ್ಯದ ಅಲಮಗಾರ್ಡೊ ಎಂಬಲ್ಲಿ ಕಸದ ಗುಂಡಿಯಲ್ಲಿ ಹೂತುಹಾಕಿತ್ತು. 2014ರ ಏಪ್ರಿಲ್‌ನಲ್ಲಿ ಅಗೆದಾಗ ಅವು ಮಣ್ಣಿನಿಂದ ಎದ್ದುಬಂದವು.

ಹಿಂದಿನ ಆಟಗಳು ಕಷ್ಟವಾಗಿದ್ದವೆಂಬುದು ನಿಜ. ಆದರೆ ಆ ಕಷ್ಟಕ್ಕೆ ಒಂದು ವ್ಯಾಪಾರಿ ಕಾರಣವಿತ್ತು. ನಾಣ್ಯದ ಯಂತ್ರದಲ್ಲಿ ಆಟಗಾರ ಬೇಗ ಸೋತರೆ ಮಾತ್ರ ಮುಂದಿನ ನಾಣ್ಯ ಬೀಳುತ್ತಿತ್ತು. ಕಷ್ಟವನ್ನು ಕಲೆಯ ಆಯ್ಕೆಯಾಗಿ ಮಾಡಿಕೊಂಡವರೂ ಇದ್ದಾರೆ. ಜಪಾನಿನ ಹಿಡೆಟಾಕ ಮಿಯಾಜಾಕಿ ನಿರ್ದೇಶಿಸಿದ ‘ಡಾರ್ಕ್ ಸೋಲ್ಸ್’ (2011), ‘ಸೆಕಿರೊ’ (2019) ಆಟಗಳಲ್ಲಿ ಸೋಲು ಸೋಲಾಗಿ ಕಲಿಯುವುದೇ ಅನುಭವ. ಇವುಗಳಿಗೆ ಸುಲಭದ ಆಯ್ಕೆ ಬೇಕೇ ಬೇಡವೇ ಎಂದು ಹೊಸ ಆಟ ಬಂದಾಗಲೆಲ್ಲ ಜಗಳವಾಗುತ್ತದೆ. ಬೇಕೆನ್ನುವವರು ಸೋಮಾರಿಗಳು, ಬೇಡವೆನ್ನುವವರು ಅಹಂಕಾರಿಗಳು ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ಈ ಜಗಳದಲ್ಲಿ ಮರೆಯಾದವರು ಅಂಗವೈಕಲ್ಯವಿರುವ ಆಟಗಾರರು. ಬೆರಳು ಆಡದವನಿಗೆ, ಕಣ್ಣು ಕಾಣದವಳಿಗೆ, ಕಿವಿ ಕೇಳದವನಿಗೆ ‘ಸುಲಭ’ ಎಂಬ ಪದವೇ ಅಪ್ರಸ್ತುತ; ಅವರಿಗೆ ಬೇಕಾದದ್ದು ಆಟದ ಬಾಗಿಲು. 2018ರ ‘ಸೆಲೆಸ್ಟ್’ ಎಂಬ ಆಟ ವೇಗ, ಶಕ್ತಿಗಳನ್ನು ಆಟಗಾರನೇ ಹೊಂದಿಸಿಕೊಳ್ಳುವ ನೆರವಿನ ವಿಧಾನ ಕೊಟ್ಟಿತು. ಅದರಿಂದ ಅದರ ಕಷ್ಟದ ಕೀರ್ತಿಗೆ ಕುಂದು ಬರಲಿಲ್ಲ. ಅದೇ ವರ್ಷ ಮೈಕ್ರೋಸಾಫ್ಟ್, ದೊಡ್ಡ ಗುಂಡಿಗಳಿರುವ, ಕಾಲು, ಮೊಣಕೈಗಳಿಂದಲೂ ಒತ್ತಬಹುದಾದ ವಿಶೇಷ ನಿಯಂತ್ರಕವನ್ನು ತಂದಿತು. 2020ರ ‘ದಿ ಲಾಸ್ಟ್ ಆಫ್ ಅಸ್’ ಎರಡನೆಯ ಭಾಗದಲ್ಲಿ ಇಂಥ ನೆರವಿನ ಆಯ್ಕೆಗಳು 60ಕ್ಕೂ ಹೆಚ್ಚು. ಮೂಲ ಕಷ್ಟವನ್ನು ಬಯಸುವವರಿಗೆ ಅದು ಹಾಗೆಯೇ ಉಳಿಯಿತು, ಆಡಲಾಗದೆ ಉಳಿದಿದ್ದವರೂ ಒಳಗೆ ಬಂದರು.

ನಮ್ಮ ಅಂಗಳದ ವಾದ: ಕೌಶಲವೋ, ಅದೃಷ್ಟವೋ?

ಇದುವರೆಗೆ ನೋಡಿದ್ದು ಬಹುಪಾಲು ಹೊರನಾಡಿನ ಕಥೆ. ನಮ್ಮದೇ ನೆಲದಲ್ಲಿ ಹುಟ್ಟಿ ಬೆಳೆದ ಸವೆದ ವಾದವೂ ಒಂದಿದೆ. ಹಣ ಕಟ್ಟಿ ಆಡುವ ಆಟ ಕೌಶಲದ್ದೋ, ಅದೃಷ್ಟದ್ದೋ? 1867ರ ಸಾರ್ವಜನಿಕ ಜೂಜು ಕಾಯ್ದೆಯೇ ಕೌಶಲದ ಆಟಗಳಿಗೆ ವಿನಾಯಿತಿ ಕೊಟ್ಟಿತ್ತು. ಸುಪ್ರೀಂ ಕೋರ್ಟ್ 1960ರ ದಶಕದಲ್ಲಿ ರಮ್ಮಿಯನ್ನೂ 1996ರಲ್ಲಿ ಕುದುರೆ ಜೂಜನ್ನೂ ಮುಖ್ಯವಾಗಿ ಕೌಶಲದವು ಎಂದಿತು. ಸ್ಮಾರ್ಟ್‌ಫೋನ್ ಬಂದ ಮೇಲೆ ಈ ಹಳೆಯ ತಕ್ಕಡಿಯನ್ನೇ ಹಿಡಿದು ಆನ್‌ಲೈನ್ ರಮ್ಮಿ, ಫ್ಯಾಂಟಸಿ ಕ್ರಿಕೆಟ್‌ಗಳನ್ನು ತೂಗಲಾಯಿತು.

ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು, 2021ರ ಅಕ್ಟೋಬರ್ 5ರಿಂದ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿ 14ರಂದು ರಾಜ್ಯ ಹೈಕೋರ್ಟ್ ಆ ತಿದ್ದುಪಡಿಯ ನಿಷೇಧದ ಅಂಶಗಳನ್ನು ರದ್ದುಗೊಳಿಸಿತು. ಕೌಶಲದ ಆಟವನ್ನೂ ಜೂಜನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದು ಮುಖ್ಯ ಆಕ್ಷೇಪವಾಗಿತ್ತು. ಬಳಿಕ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಈ ತಕ್ಕಡಿಯನ್ನೇ ಬದಿಗಿಟ್ಟಿತು. ಕೌಶಲವೇ ಇರಲಿ, ಅದೃಷ್ಟವೇ ಇರಲಿ, ಹಣದ ಆಸೆಗೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟ ನಿಷಿದ್ಧ ಎಂದಿತು. ಇ–ಸ್ಪೋರ್ಟ್ಸ್ ಅನ್ನು ಪ್ರತ್ಯೇಕಿಸಿ ಪ್ರೋತ್ಸಾಹದ ಮಾತಾಡಿತು. ಕಾಯ್ದೆಯನ್ನು ಪ್ರಶ್ನಿಸಿ ಕರ್ನಾಟಕ, ದೆಹಲಿ, ಮಧ್ಯಪ್ರದೇಶ ಹೈಕೋರ್ಟ್‌ಗಳಲ್ಲಿ ಸಲ್ಲಿಕೆಯಾದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ತನ್ನಲ್ಲಿಗೆ ವರ್ಗಾಯಿಸಿಕೊಂಡಿತು.

ಕಾಯ್ದೆ ಸರಿಯೋ ತಪ್ಪೋ ಎಂಬುದು ನ್ಯಾಯಾಲಯದ ವಿಚಾರ. ಓದುಗರು ಗಮನಿಸಬೇಕಾದದ್ದು ಬೇರೆ. ಸಂಬಳದ ದಿನವೇ ಸಂಬಳ ಕಳೆದುಕೊಂಡವನ ಹೆಂಡತಿಗೆ, ಆ ಆಟದಲ್ಲಿ ಕೌಶಲದ ಪಾಲು ಎಷ್ಟಿತ್ತು ಎಂಬುದರಿಂದ ಏನೂ ಆಗಬೇಕಿಲ್ಲ. ಆಟ ಎಷ್ಟು ವೇಗವಾಗಿ ಹಣ ಕೇಳುತ್ತದೆ, ಸೋತವನನ್ನು ಮತ್ತೆ ಹೇಗೆ ಕರೆಯುತ್ತದೆ, ಕಳೆದುಕೊಳ್ಳುವುದಕ್ಕೆ ಮಿತಿ ಇದೆಯೇ ಎಂಬುದು ಆಕೆಯ ಪ್ರಶ್ನೆ. ವಕೀಲರು ಇಸ್ಪೀಟಿನ ಸ್ವಭಾವವನ್ನು ಚರ್ಚಿಸುತ್ತಿದ್ದಾಗ ಆ ಪ್ರಶ್ನೆಗೆ ಉತ್ತರ ಹುಡುಕುವವರು ವಿರಳವಾಗಿದ್ದರು.

ಗೀಳು ಎಂಬ ಪದ

ಕೊನೆಯದಾಗಿ ಮನೆಮನೆಯ ವಾದ. ‘ಮಗನಿಗೆ ಗೇಮ್ ಹುಚ್ಚು ಹಿಡಿದಿದೆ’ ಎಂದು ತಾಯಿ ಅಂದರೆ, ‘ಅಮ್ಮಾ, ಎಲ್ಲರೂ ಆಡ್ತಾರೆ’ ಎಂದು ಮಗ ಹೇಳುತ್ತಾನೆ. ಇಬ್ಬರೂ ಗಂಟೆಗಳ ಲೆಕ್ಕ ಹಿಡಿದು ಕೂರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಈ ಲೆಕ್ಕವನ್ನು ಬೇರೆ ರೀತಿಯಲ್ಲಿ ಮಾಡಿದೆ. 2019ರಲ್ಲಿ ಅಂಗೀಕಾರವಾಗಿ 2022ರ ಜನವರಿಯಿಂದ ಜಾರಿಗೆ ಬಂದ ಅದರ ರೋಗಪಟ್ಟಿಯಲ್ಲಿ ‘ಗೇಮಿಂಗ್ ಡಿಸಾರ್ಡರ್’ ಎಂಬ ಕಾಯಿಲೆ ಸೇರಿದೆ. ಅದರ ಲಕ್ಷಣಗಳಲ್ಲಿ ಇಂತಿಷ್ಟು ಗಂಟೆ ಎಂಬ ಮಾತಿಲ್ಲ. ಆಟದ ಮೇಲೆ ಹಿಡಿತ ತಪ್ಪುವುದು, ಊಟ, ಓದು, ಬಂಧುಬಳಗಕ್ಕಿಂತ ಆಟವೇ ಮುಖ್ಯವಾಗುವುದು, ಕೆಡುಕಾಗುತ್ತಿದೆ ಎಂದು ತಿಳಿದೂ ಬಿಡಲಾಗದಿರುವುದು ಮುಖ್ಯ ಲಕ್ಷಣಗಳು. ಇವು ಬದುಕನ್ನು ಗಣನೀಯವಾಗಿ ಕೆಡಿಸುವಷ್ಟಿದ್ದು, ಸಾಮಾನ್ಯವಾಗಿ ಹನ್ನೆರಡು ತಿಂಗಳು ಕಂಡುಬಂದರೆ ಮಾತ್ರ ಕಾಯಿಲೆ.

ರಜೆಯಲ್ಲಿ ದಿನಕ್ಕೆ ನಾಲ್ಕು ಗಂಟೆ ಆಡಿ, ಶಾಲೆ ಶುರುವಾದಾಗ ಬಿಟ್ಟ ಹುಡುಗ ರೋಗಿಯಲ್ಲ. ಕಡಿಮೆ ಹೊತ್ತು ಆಡಿದರೂ, ನಿದ್ದೆಗೆಟ್ಟು, ಗೆಳೆಯರನ್ನು ತೊರೆದು, ಬಿಡಬೇಕೆಂದರೂ ಬಿಡಲಾಗದವನಿಗೆ ನೆರವು ಬೇಕಾಗಬಹುದು. ಅಂಥವರಿಗೆಂದೇ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ‘ಶಟ್’ ಎಂಬ ಚಿಕಿತ್ಸಾಲಯ ಆರಂಭಿಸಿತು. ತಂತ್ರಜ್ಞಾನದ ಆರೋಗ್ಯಕರ ಬಳಕೆ ಎಂಬುದು ಅದರ ಹೆಸರಿನಲ್ಲೇ ಇದೆ; ತಂತ್ರಜ್ಞಾನದ ತ್ಯಾಗ ಎಂದಲ್ಲ.

ಕೇಳಬೇಕಾದ ಪ್ರಶ್ನೆಗಳು

ಒಂದು ವಾದ ಸವೆದಿದೆಯೇ ಎಂದು ತಿಳಿಯುವುದು ಕಷ್ಟವಲ್ಲ. ಎದುರಾಳಿ ಏನು ಹೇಳುತ್ತಾನೆಂದು ಆತ ಬಾಯಿ ತೆರೆಯುವ ಮುನ್ನವೇ ನಮಗೆ ಗೊತ್ತಿದ್ದರೆ, ಯಾವ ಸಾಕ್ಷ್ಯ ಸಿಕ್ಕರೆ ಅಭಿಪ್ರಾಯ ಬದಲಿಸುತ್ತೇವೆ ಎಂದು ಇಬ್ಬರಲ್ಲಿ ಯಾರಿಗೂ ಹೇಳಲಾಗದಿದ್ದರೆ, ಆ ವಾದವನ್ನು ಅಲ್ಲಿಗೇ ಬಿಡಬಹುದು. ಅದರ ಜಾಗದಲ್ಲಿ ಚಿಕ್ಕ, ಉತ್ತರವಿರುವ ಪ್ರಶ್ನೆಗಳನ್ನು ಇಡಬೇಕು. ಈ ಆಟ ದುಡ್ಡು ಕೇಳುತ್ತದೆಯೇ? ದುಡ್ಡಿಗೆ ಏನು ಸಿಗುತ್ತದೆಂದು ಮೊದಲೇ ಹೇಳುತ್ತದೆಯೇ? ಫೋನಿನ ಯಾವ ಮಾಹಿತಿಗೆ ಕೈಹಾಕುತ್ತದೆ? ಕಂಪನಿ ಮುಚ್ಚಿದರೆ ಕೊಂಡದ್ದು ಉಳಿಯುತ್ತದೆಯೇ? ಅಪರಿಚಿತರು ಮಗುವಿನೊಡನೆ ಮಾತನಾಡಬಹುದೇ? ನಿಲ್ಲಿಸು ಎಂದಾಗ ನಿಲ್ಲಿಸಲು ಅವನಿಂದ ಆಗುತ್ತದೆಯೇ? ಇವಕ್ಕೆ ಉತ್ತರ ಪಡೆಯಲು ವಿದ್ವಾಂಸರು ಬೇಕಿಲ್ಲ; ಫೋನನ್ನು ಕೈಗೆತ್ತಿಕೊಂಡು ಹತ್ತು ನಿಮಿಷ ನೋಡಿದರೆ ಬಹುಪಾಲು ತಿಳಿಯುತ್ತದೆ.

ಬೆಂಗಳೂರಿನಂಥ ನಗರಕ್ಕೆ ಇದು ದೂರದ ವಿಷಯವೂ ಅಲ್ಲ. 1997ರಲ್ಲಿ ಇಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್ ಭಾರತದ ಮೊದಲ ಗೇಮ್ ಸಂಸ್ಥೆಗಳಲ್ಲಿ ಒಂದು. 2019ರಲ್ಲಿ ಅದನ್ನು ಜಾಗತಿಕ ಹೆಸರಿನ ರಾಕ್‌ಸ್ಟಾರ್ ಗೇಮ್ಸ್ ಕೊಂಡಿತು. ಗೇಮ್ ಆಡುವ ಮಕ್ಕಳೂ ಗೇಮ್ ಕಟ್ಟುವ ಎಂಜಿನಿಯರುಗಳೂ ಒಂದೇ ಬೀದಿಯಲ್ಲಿ ವಾಸಿಸುವ ಊರಿದು. ಇಲ್ಲಿ ‘ಗೇಮ್ ಒಳ್ಳೆಯದೋ ಕೆಟ್ಟದ್ದೋ’ ಎಂಬ ಒಂದೇ ಪ್ರಶ್ನೆಯಲ್ಲಿ ಮಾತು ಮುಗಿಸುವುದು ನಮಗೆ ಶೋಭಿಸದು.

ಎಬರ್ಟ್ ಅವರ ತಪ್ಪೊಪ್ಪಿಗೆಯಲ್ಲಿ ಎಲ್ಲ ಪೋಷಕರಿಗೂ ಒಂದು ಪಾಠವಿದೆ. ಬಲ್ಲವರೇ ಆದರೂ, ಆಡಿ ನೋಡದೆ ತೀರ್ಪು ಕೊಟ್ಟರೆ ಮಕ್ಕಳು ಕಿವಿಗೊಡುವುದಿಲ್ಲ. ಮುಂದಿನ ಭಾನುವಾರ ಮಗನೋ ಮಗಳೋ ಆಡುತ್ತಿರುವಾಗ ಗದರುವ ಮೊದಲು ಪಕ್ಕದಲ್ಲಿ ಅರ್ಧ ಗಂಟೆ ಕುಳಿತು, ‘ನನಗೂ ಒಂದು ಸಲ ಕೊಡು’ ಎಂದು ಕೇಳಿ ನೋಡಿ. ನೀವು ಖಂಡಿತ ಸೋಲುತ್ತೀರಿ. ಆದರೆ ಆಟ ಏನು ಕೇಳುತ್ತದೆ, ಏನು ಕೊಡುತ್ತದೆ ಎಂಬುದು ಆಗ ಕಣ್ಣಿಗೆ ಬೀಳುತ್ತದೆ. ಅದಾದ ಮೇಲೆ ನೀವು ಹೇಳುವ ಮಾತನ್ನು ಮಗುವೂ ಕೇಳಿಸಿಕೊಳ್ಳುತ್ತದೆ.